ಗುಡ್ಡ ಹತ್ತಿದರೂ ಕಾಣದ ಕಡಲು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತರೆ ಸಮುದ್ರಕ್ಕೆ ಕೊನೆಯೇ ಇಲ್ಲ ಅನ್ನಿಸುತ್ತದೆ. ಆದರೆ ನೀರಿನ ಅಂಚಿನಲ್ಲಿ ನಿಂತವರ ಕಣ್ಣಿಗೆ ಬೀಳುವ ನೀರು ಬರೀ ನಾಲ್ಕೂವರೆ ಕಿಲೋಮೀಟರ್ ದೂರದ್ದು. ಅದರಾಚೆ ಭೂಮಿ ಬಾಗಿ ಕೆಳಗಿಳಿದಿರುತ್ತದೆ. 100 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಸುಮಾರು 36 ಕಿ.ಮೀ. ಕಾಣುತ್ತದೆ. ಅಲ್ಲೇ ರೇಡಾರ್ ಇಟ್ಟರೆ ಇನ್ನೂ ಸ್ವಲ್ಪ ಜಾಸ್ತಿ, 41 ಕಿ.ಮೀ. ಆಸುಪಾಸು. ರೇಡಾರ್ ಕಳಿಸುವ ಅಲೆಗಳು ಗಾಳಿಯಲ್ಲಿ ಭೂಮಿಯ ಜೊತೆಗೇ ಒಂಚೂರು ಬಾಗುತ್ತವೆ, ಅದಕ್ಕೆ.

ಹಾಗಾದರೆ ಇನ್ನೂ ಎತ್ತರಕ್ಕೆ ಹೋದರಾಯಿತು, ಅಲ್ವಾ? ತೊಂದರೆ ಇರುವುದೇ ಅಲ್ಲಿ. ಎತ್ತರ ನಾಲ್ಕು ಪಟ್ಟಾದರೆ ಕಾಣುವ ದೂರ ಎರಡೇ ಪಟ್ಟಾಗುತ್ತದೆ. ನಮ್ಮ ದೇಶದ ಆರ್ಥಿಕ ಹಕ್ಕಿರುವ ಸಮುದ್ರ ದಡದಿಂದ 200 ನಾಟಿಕಲ್ ಮೈಲಿ, ಅಂದರೆ 370 ಕಿ.ಮೀ. ಅಷ್ಟು ದೂರದ ನೀರಿನ ಮೇಲ್ಮೈ ಕಾಣಬೇಕಾದರೆ ರೇಡಾರ್ ಸುಮಾರು 8,000 ಮೀಟರ್ ಎತ್ತರದಲ್ಲಿರಬೇಕು. ನಮ್ಮ ಘಟ್ಟದಲ್ಲಿ ಅಂಥ ಜಾಗ ಎಲ್ಲಿದೆ? ವಿಮಾನ, ಉಪಗ್ರಹ ಇವೆ, ನಿಜ. ಅವು ಯಾವಾಗಲೂ ಒಂದೇ ಕಡೆ ನೋಡುತ್ತಾ ಇರಲಾರವು.

ಒಂದು ಸಮುದ್ರದ ಸುತ್ತ ಇರುವ ದೇಶಗಳು ಭದ್ರತೆಯ ಬಗ್ಗೆ ಕೂತು ಮಾತಾಡಬೇಕು ಅನ್ನುವುದನ್ನು ನಾವು ರಾಜಕಾರಣ ಅಂದುಕೊಳ್ಳುತ್ತೇವೆ. ನನಗೆ ಅದರ ಬುಡದಲ್ಲಿ ಕಾಣುವುದು ಈ ಲೆಕ್ಕವೇ. ನಮಗೆ ಕಾಣದ್ದು ಮಾಲ್ಡೀವ್ಸ್‌ಗೆ ಕಾಣುತ್ತದೆ, ಅವರಿಗೆ ಕಾಣದ್ದು ಸೀಶೆಲ್ಸ್‌ಗೆ.

ಕಡಲ್ಗಳ್ಳರ ಕಾಲ ನೆನಪಿಸಿಕೊಳ್ಳಿ. ಸೊಮಾಲಿಯಾದ ಕಳ್ಳರ ಕಾಟ ಜೋರಾಗಿದ್ದಾಗ, 2010ರಲ್ಲಿ, ಹಡಗು ಉದ್ಯಮದವರು ಅಪಾಯದ ವಲಯದ ಪೂರ್ವದ ಗೆರೆಯನ್ನು 78 ಡಿಗ್ರಿ ರೇಖಾಂಶಕ್ಕೆ ಎಳೆದರು. ಕಾರವಾರ ಇರುವುದು 74 ಡಿಗ್ರಿಯ ಹತ್ತಿರ. ಅಂದರೆ ನಾವು ಬಂಗಡೆ ಹಿಡಿಯುವ ನೀರೂ ಆ ನಕ್ಷೆಯಲ್ಲಿ ಕಳ್ಳರ ವಲಯವೇ ಆಗಿತ್ತು. ಕಳ್ಳರಿಂದ ತಪ್ಪಿಸಿಕೊಳ್ಳಲು ದೊಡ್ಡ ಹಡಗುಗಳು ನಮ್ಮ ದಡದ ಕಡೆ ಸರಿದು ಸಾಗತೊಡಗಿದವು, ಮೀನುಗಾರರ ದೋಣಿಗಳಿಗೆ ಅಪಾಯ ಹೆಚ್ಚಿತು. ಆ ಗೆರೆ 65 ಡಿಗ್ರಿಗೆ ಹಿಂದೆ ಸರಿದದ್ದು 2015ರ ಡಿಸೆಂಬರ್‌ನಲ್ಲಿ.

ಅಷ್ಟರೊಳಗೆ ಹಲವು ದೇಶಗಳ ನೌಕಾಪಡೆಗಳು ಸೊಮಾಲಿಯಾ ಪಕ್ಕದ ಏಡನ್ ಕೊಲ್ಲಿಯಲ್ಲಿ ಕಾವಲಿಗೆ ನಿಂತಿದ್ದವು. ಬಹ್ರೇನ್‌ನಲ್ಲಿ ಆಗಾಗ ಸೇರಿ ಮಾತಾಡುತ್ತಿದ್ದವು. 2012ರಿಂದ ಭಾರತ, ಚೀನಾ, ಜಪಾನ್ ಮೂರೂ ತಮ್ಮ ಬೆಂಗಾವಲು ಹಡಗುಗಳ ವೇಳಾಪಟ್ಟಿ ಹೊಂದಿಸಿಕೊಂಡವು. ಗಡಿಯಲ್ಲಿ ಮುಖ ತಿರುಗಿಸುವ ದೇಶಗಳೂ ಸಮುದ್ರದಲ್ಲಿ ಹೀಗೆ ಪಾಳಿ ಹಂಚಿಕೊಳ್ಳಬಲ್ಲವು ಅನ್ನುವುದು ಸಣ್ಣ ಮಾತಲ್ಲ.

ದೊಡ್ಡ ಹಡಗುಗಳನ್ನು ಗುರುತಿಸಲು ಎಐಎಸ್ ಅನ್ನುವ ಯಂತ್ರ ಇದೆ. ಅಂತರರಾಷ್ಟ್ರೀಯ ಯಾನದ 300 ಟನ್ನಿಗಿಂತ ದೊಡ್ಡ ಹಡಗುಗಳಿಗೆ ಅದು ಕಡ್ಡಾಯ. ಹೆಸರು, ಜಾಗ, ವೇಗ, ದಿಕ್ಕು ಎಲ್ಲವನ್ನೂ ರೇಡಿಯೊದಲ್ಲಿ ಸಾರುತ್ತಾ ಹೋಗುತ್ತದೆ. ಪ್ರತಿ ಹಡಗಿಗೂ ಒಂಬತ್ತು ಅಂಕಿಯ ಗುರುತು. ಮೊದಲ ಮೂರು ಅಂಕಿ 419 ಇದ್ದರೆ ಭಾರತದ್ದು, 417 ಇದ್ದರೆ ಶ್ರೀಲಂಕಾದ್ದು. ನನಗೆ ತುಂಬಾ ಇಷ್ಟವಾಗುವುದು ಅದರ ಒಳಗಿನ ಶಿಸ್ತು. ಒಂದು ನಿಮಿಷವನ್ನು 2,250 ತುಣುಕು ಮಾಡಲಾಗಿದೆ. ಪ್ರತಿ ಹಡಗೂ ಖಾಲಿ ಇರುವ ತುಣುಕು ಹುಡುಕಿ ಅದರಲ್ಲಿ ಮಾತಾಡುತ್ತದೆ, ಮುಂದೆ ಯಾವ ತುಣುಕು ಹಿಡಿಯುತ್ತೇನೆ ಅನ್ನುವುದನ್ನೂ ತಿಳಿಸುತ್ತದೆ. ಮೇಲೆ ಕೂತು ಸರದಿ ಹಂಚುವವರು ಯಾರೂ ಇಲ್ಲ. ಯಾವ ದೇಶದ ಬಾವುಟವಿದ್ದರೂ ನಿಯಮ ಒಂದೇ.

ಆದರೆ ಯಂತ್ರವನ್ನು ಆಫ್ ಮಾಡಬಹುದು, ಸುಳ್ಳು ಜಾಗವನ್ನೂ ಹೇಳಿಸಬಹುದು. ಅದಕ್ಕೇ ಹಲವರ ಮಾಹಿತಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಬಂದರು ಬಿಟ್ಟ ಹಡಗು ಹೇಳಿದ ಬಂದರಿಗೆ ಬರಲೇ ಇಲ್ಲ ಅನ್ನುವುದು ಎರಡು ದೇಶ ಮಾತಾಡಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ಭಾರತ ಇದಕ್ಕೆಂದೇ 2018ರ ಡಿಸೆಂಬರ್‌ನಲ್ಲಿ ಗುರುಗ್ರಾಮದಲ್ಲಿ ಒಂದು ಮಾಹಿತಿ ಕೇಂದ್ರ ತೆರೆಯಿತು. ಬೇರೆ ದೇಶಗಳ ಅಧಿಕಾರಿಗಳೂ ಅಲ್ಲಿ ಕೂತು ಕೆಲಸ ಮಾಡುತ್ತಾರೆ. 2025ರ ಏಪ್ರಿಲ್ 5ರಂದು ಕಾರವಾರದಿಂದಲೇ ಹೊರಟ ಐಎನ್‌ಎಸ್ ಸುನಯನಾ ಹಡಗಿನಲ್ಲಿ ಕೆನ್ಯಾ, ಮಾರಿಷಸ್, ಶ್ರೀಲಂಕಾ ಸೇರಿ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ನಮ್ಮವರ ಜೊತೆ ಕೆಲಸ ಮಾಡುತ್ತಾ ಸಾಗಿದರು. ತುರ್ತಿನ ಹೊತ್ತಲ್ಲಿ ಫೋನ್ ಎತ್ತಿದಾಗ ಆ ಕಡೆ ಪರಿಚಯದ ದನಿ ಇರಬೇಕಾದರೆ ಇಂಥದ್ದು ಬೇಕು.

ಈ ದೇಶಗಳು ಒಂದನ್ನೊಂದು ನಂಬಿದ್ದು ಹೇಗೆ? ಎಲ್ಲವನ್ನೂ ಬಿಚ್ಚಿಟ್ಟು ಅಲ್ಲ. ವೈಟ್ ಶಿಪ್ಪಿಂಗ್ ಒಪ್ಪಂದಗಳಲ್ಲಿ ಹಂಚಿಕೊಳ್ಳುವುದು ವ್ಯಾಪಾರಿ ಹಡಗುಗಳ ಮಾಹಿತಿ ಮಾತ್ರ. ಯುದ್ಧನೌಕೆಗಳ ಗುಟ್ಟು ಅವರವರ ಹತ್ತಿರವೇ ಇರುತ್ತದೆ. ಏನು ಕೊಡುವುದಿಲ್ಲ ಅನ್ನುವುದು ಮೊದಲೇ ತೀರ್ಮಾನವಾಗಿದ್ದರಿಂದಲೇ ಉಳಿದದ್ದನ್ನು ಧೈರ್ಯವಾಗಿ ಕೊಡುತ್ತಾರೆ.

ಇದೇ ಮರ್ಯಾದೆ ನಮ್ಮ ಮೀನುಗಾರರಿಗೂ ಸಿಗಬೇಕು. ಗುರುಗ್ರಾಮದ ಕೇಂದ್ರ ಶುರುವಾದ ತಿಂಗಳಲ್ಲೇ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರೂ ಅದರಲ್ಲಿದ್ದರು. ಮನೆಯವರು ತಿಂಗಳುಗಟ್ಟಲೆ ಕಾದರು. ಬೋಟಿನ ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಹತ್ತಿರ, ಸಮುದ್ರದ ತಳದಲ್ಲಿ. ಸಣ್ಣ ದೋಣಿ ನೀರಿಗೆ ಅಂಟಿಕೊಂಡೇ ಇರುತ್ತದೆ. ಫೈಬರ್ ಮತ್ತು ಮರ ರೇಡಾರ್ ಅಲೆಯನ್ನು ಲೋಹದ ಹಾಗೆ ತಿರುಗಿಸಿ ಕಳಿಸುವುದಿಲ್ಲ. ತೆರೆಗಳ ಗದ್ದಲದಲ್ಲಿ ಅದು ಕಳೆದೇ ಹೋಗುತ್ತದೆ.

ಈಗ ಒಂದು ಲಕ್ಷ ದೋಣಿಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆ ಇದೆ. ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ: ಚಂಡಮಾರುತದ ಎಚ್ಚರಿಕೆ ದೋಣಿಗೆ, ಆಪತ್ತಿನ ಕರೆ ದಡಕ್ಕೆ. ಇದು ಜೀವ ಉಳಿಸುವ ಯಂತ್ರ, ಅನುಮಾನ ಬೇಡ. ಆದರೆ ಮೀನುಗಾರರಿಗೆ ಒಂದು ಅಳುಕು ಇರುತ್ತದೆ. ಮೀನು ಸಿಗುವ ಜಾಗ ಬೇರೆಯವರಿಗೆ ತಿಳಿದುಬಿಟ್ಟರೆ? ಅದು ಅವರ ಹೊಟ್ಟೆಪಾಡಿನ ಗುಟ್ಟು. ಆ ಮಾಹಿತಿ ಯಾರ ಕೈಗೆ ಹೋಗುತ್ತದೆ, ಎಷ್ಟು ದಿನ ಇರುತ್ತದೆ, ಯಾರಿಗೆ ಕೊಡುವಂತಿಲ್ಲ ಅನ್ನುವುದನ್ನು ಬೈತಖೋಲ್, ತದಡಿ, ಹೊನ್ನಾವರದ ಬಂದರುಗಳಲ್ಲಿ ಬೋಟ್ ಮಾಲೀಕರು, ಬೋಟ್ ನಡೆಸುವ ತಾಂಡೇಲರ ಜೊತೆ ಕೂತು ಕನ್ನಡದಲ್ಲಿ, ಕೊಂಕಣಿಯಲ್ಲಿ ಬರೆದು ಕೊಡಬೇಕು. ಯಂತ್ರ ಕೂರಿಸುವ ಮೊದಲು.