ಪದ ಪರಿಚಯ: ಹಲ್ಲಿಗೆ ಹಾಕಿಸುವ ‘ಸಿಮೆಂಟ್’

‘ಹುಳುಕು ಹಲ್ಲಿಗೆ ಸಿಮೆಂಟ್ ಹಾಕಿಸಿದ್ದೆ, ಆರು ತಿಂಗಳಿಗೇ ಉದುರಿಹೋಯ್ತು.’ ಹಾಸನ, ಚಿಕ್ಕಮಗಳೂರು ಕಡೆ ಹಲ್ಲಿನ ಆಸ್ಪತ್ರೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಉದುರಿದ್ದು ಯಾವ ಸಿಮೆಂಟ್ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆಡುಮಾತಿನಲ್ಲಿ ಬೆಳ್ಳಿ ಬಣ್ಣದ್ದೂ ಸಿಮೆಂಟೇ, ಹಲ್ಲಿನ ಬಣ್ಣದ್ದೂ ಸಿಮೆಂಟೇ, ಕ್ಯಾಪ್ ಕೂರಿಸುವ ಅಂಟೂ ಸಿಮೆಂಟೇ. ಅಂಟನ್ನು ಬಿಟ್ಟು, ತುಂಬುವುದನ್ನೂ ಕ್ಯಾಪ್ ಹಾಕುವುದನ್ನೂ ಸೇರಿಸಿ ದಂತವೈದ್ಯರು ‘ರೆಸ್ಟೊರೇಶನ್’ ಎನ್ನುತ್ತಾರೆ. ಹುಳುಕು ತಿಂದ, ಸವೆದ ಅಥವಾ ಮುರಿದ ಹಲ್ಲಿನ ಭಾಗವನ್ನು ಬೇರೆ ವಸ್ತುವಿನಿಂದ ಕಟ್ಟಿ, ಆ ಹಲ್ಲನ್ನು ಮತ್ತೆ ಅಗಿಯುವ ಕೆಲಸಕ್ಕೆ ಹಚ್ಚುವುದು ಎಂದು ಅದರ ಅರ್ಥ.

‘ಎಲ್ಲಕ್ಕಿಂತ ಗಟ್ಟಿ ಯಾವುದೋ ಅದನ್ನೇ ಹಾಕಿ ಡಾಕ್ಟ್ರೇ’ ಎನ್ನುವುದು ಸಹಜ. ಆದರೆ ಬಾಳಿಕೆಯನ್ನು ತೀರ್ಮಾನಿಸುವುದು ವಸ್ತುವಿನ ಗಟ್ಟಿತನವೊಂದೇ ಅಲ್ಲ. ಪ್ರತಿ ವಸ್ತುವೂ ಬಾಯಿಯಿಂದ ಏನನ್ನಾದರೂ ಬೇಡುತ್ತದೆ. ಒಂದಕ್ಕೆ ಎಂಜಲು ತಾಗದ ಒಣ ಜಾಗ ಬೇಕು, ಇನ್ನೊಂದಕ್ಕೆ ಸಾಕಷ್ಟು ದಪ್ಪ ಬೇಕು, ಮತ್ತೊಂದು ಅಗಿಯುವ ಭಾರವನ್ನೇ ತಾಳದು. ಬೇಡಿದ್ದು ಸಿಗದ ಕಡೆ ದುಬಾರಿ ವಸ್ತುವೂ ನಿಲ್ಲುವುದಿಲ್ಲ.

ನಿಜವಾಗಿ ಸಿಮೆಂಟ್ ಎನ್ನಬಹುದಾದ ತುಂಬುವ ವಸ್ತು ಗ್ಲಾಸ್ ಅಯನೋಮರ್. ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಇದನ್ನು ದಂತವೈದ್ಯಲೋಕಕ್ಕೆ ಪರಿಚಯಿಸಿದರು. ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದ ದ್ರವದೊಂದಿಗೆ ಕಲಸುತ್ತಾರೆ. ಅದು ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನಾಗಿಯೇ ಬೆಸೆದುಕೊಂಡು, ನಿಧಾನವಾಗಿ ಫ್ಲೋರೈಡ್ ಬಿಡುತ್ತಿರುತ್ತದೆ. ತುಸು ತೇವವನ್ನು ಸಹಿಸುವುದರಿಂದ ಮಕ್ಕಳ ಹಾಲುಹಲ್ಲಿಗೂ ವಯಸ್ಸಾದವರ ಒಸಡಿನಂಚಿನ ಬೇರು ಹುಳುಕಿಗೂ ಇದು ಒಳ್ಳೆಯದು. ಕಲಸಿದ ಸಿಮೆಂಟ್ ಹೊಳೆಯುತ್ತಿರುವಾಗಲೇ ಗುಳಿಗೆ ಸೇರಬೇಕು. ಹೊಳಪು ಆರಿತೆಂದರೆ ಹಲ್ಲಿಗೆ ಅಂಟಲು ಬೇಕಾದ ಆಮ್ಲ ಪುಡಿಯ ಜೊತೆಗೇ ಮುಗಿದುಹೋಗಿದೆ ಎಂದರ್ಥ. ತುಂಬಲು ಸಲೀಸಾಗಲಿ ಎಂದು ಪುಡಿ ಕಡಿಮೆ ಮಾಡಿ ತೆಳ್ಳಗೆ ಕಲಸಿದರೆ ಬಲ ಕುಂದುತ್ತದೆ. ತುಂಬಿದ ಕೂಡಲೇ ವಾರ್ನಿಷ್ ಅಥವಾ ವ್ಯಾಸಲೀನ್ ಸವರದಿದ್ದರೆ ಎಂಜಲು ಮೇಲ್ಪದರವನ್ನು ಕರಗಿಸುತ್ತದೆ, ಗಾಳಿಗೆ ಒಣಗಿದರೆ ಸೀಳುತ್ತದೆ. ದೊಡ್ಡವರ ದವಡೆ ಹಲ್ಲಿನ ಅಗಿಯುವ ಮೈಗೆ, ಅದರಲ್ಲೂ ಎರಡು ಹಲ್ಲಿನ ಸಂದಿಗೆ, ಇದನ್ನೇ ಕಾಯಂ ಎಂದು ಹಾಕಿದರೆ ‘ಆರು ತಿಂಗಳಿಗೇ ಉದುರಿತು’ ಎಂಬ ದೂರು ಬರುವುದು ಖಂಡಿತ.

ಹಲ್ಲಿನ ಬಣ್ಣದ ಕಾಂಪೋಸಿಟ್ ಬೇರೆಯೇ ಜಾತಿ. ರಾಳದಲ್ಲಿ ಗಾಜಿನ ನುಣ್ಣನೆಯ ಕಣಗಳನ್ನು ಬೆರೆಸಿದ ಈ ವಸ್ತು ನೀಲಿ ಬೆಳಕಿಗೆ ಗಟ್ಟಿಯಾಗುತ್ತದೆ. ಹಲ್ಲನ್ನು ಕಡಿಮೆ ಕೊರೆಸಿಕೊಂಡು, ನೋಡಲು ಹಲ್ಲಿನಂತೆಯೇ ಇರುತ್ತದೆ. ಆದರೆ ಹಂತ ಹಂತಕ್ಕೂ ಶಿಸ್ತು ಕೇಳುತ್ತದೆ. ಮೊದಲು, ಹಲ್ಲಿನ ಮೈ ಅಂಟು ಹಿಡಿಯುವಂತಾಗಲು, ಸುಮಾರು 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್. ಹೊರಪದರವಾದ ಎನಾಮೆಲ್ ಮೇಲೆ 15ರಿಂದ 30 ಸೆಕೆಂಡು ಇರಬಹುದು, ಒಳಗಿನ ಡೆಂಟಿನ್ ಮೇಲೆ 15 ಸೆಕೆಂಡು ದಾಟಬಾರದು. ತೊಳೆದ ಮೇಲೆ ಡೆಂಟಿನ್ ಬಿಳಿಚುವಷ್ಟು ಒಣಗಿಸಿದರೆ ಅದರ ನಾರುಗಳು ಕುಸಿದು ಅಂಟು ಒಳಗಿಳಿಯುವುದಿಲ್ಲ. ನೀರು ನಿಂತಿರಬಾರದು, ತೇವದ ಮಿನುಗು ಮಾತ್ರ ಉಳಿದಿರಬೇಕು. ಆಮೇಲೆ ಬಾಂಡಿಂಗ್ ಎಂಬ ಅಂಟು ದ್ರವವನ್ನು ತಿಕ್ಕಿ ಹಚ್ಚಿ, ಗಾಳಿ ಊದಿ ಅದರ ದ್ರಾವಕ ಹಾರಿಸಿ, ಬೆಳಕು ಹಿಡಿಯಬೇಕು.

ಬಳಿಕ ಕಾಂಪೋಸಿಟ್ಟನ್ನು 2 ಮಿ.ಮೀ. ಮೀರದ ಪದರಗಳಲ್ಲಿ ಇಡುತ್ತಾರೆ. ಒಂದೇ ಸಲಕ್ಕೆ 4 ಮಿ.ಮೀ. ತುಂಬಬಹುದಾದ ಬಲ್ಕ್-ಫಿಲ್ ಬಗೆಯೂ ಇದೆ. ಗಟ್ಟಿಯಾಗುವಾಗ ಕಾಂಪೋಸಿಟ್ ಗಾತ್ರದಲ್ಲಿ 2ರಿಂದ 3 ಶೇಕಡಾ ಕುಗ್ಗುತ್ತದೆ. ಐದು ಗೋಡೆಗೆ ಅಂಟಿ ಒಂದೇ ಮೈ ತೆರೆದಿರುವ ಆಳದ ಗುಳಿಯಲ್ಲಿ ಈ ಕುಗ್ಗುವಿಕೆ ಗೋಡೆಗಳನ್ನೇ ಎಳೆಯುತ್ತದೆ. ಅಗಿಯುವಾಗ ಜುಂ ಎನ್ನುವ ನೋವಿಗೆ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಡುವುದಕ್ಕೆ ಇದೂ ಒಂದು ಕಾರಣ. ಆಳದ ಸಂದಿಗುಳಿಯಲ್ಲಿ ದೀಪದ ತುದಿ ತಳದಿಂದ 6–8 ಮಿ.ಮೀ. ದೂರವೇ ಉಳಿಯುವುದರಿಂದ ಅಲ್ಲಿ ಇನ್ನಷ್ಟು ಹೊತ್ತು ಬೆಳಕು ಹಿಡಿಯಬೇಕು. ಇಲ್ಲದಿದ್ದರೆ ಮೇಲೆ ಕಲ್ಲಿನಂತಿದ್ದು ತಳ ಮೆತ್ತಗೇ ಉಳಿಯುತ್ತದೆ. ಕಾಂಪೋಸಿಟ್ ಹೆಚ್ಚಾಗಿ ಸೋಲುವುದು ಈ ತಳದ ಅಂಚಿನಲ್ಲೇ. ಒಸಡಿನಿಂದ ರಕ್ತ ಜಿನುಗುವ ಜಾಗ ಅದು. ರಬ್ಬರ್ ಡ್ಯಾಂ ಹಾಳೆ ಹಾಕಿ ಹಲ್ಲನ್ನು ಬಾಯಿಯ ತೇವದಿಂದ ಬೇರ್ಪಡಿಸುವುದು ಆಡಂಬರವಲ್ಲ, ಬಾಳಿಕೆಯ ಅರ್ಧ ಭಾಗ ಅದರಲ್ಲೇ ಇದೆ.

ಮನೆಯಲ್ಲಿ ಹಲ್ಲುನೋವಿಗೆ ಲವಂಗದ ಎಣ್ಣೆಯ ಹತ್ತಿ ಇಟ್ಟುಕೊಂಡಿದ್ದರೆ ಅದನ್ನು ತಪ್ಪದೆ ಹೇಳಿ. ಅದರಲ್ಲಿರುವ ಯೂಜಿನಾಲ್ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ; ಗುಳಿಯನ್ನು ಚೆನ್ನಾಗಿ ಶುಚಿ ಮಾಡದೆ ಕಾಂಪೋಸಿಟ್ ಹಾಕಬಾರದು.

ಬೆಳ್ಳಿ ಎಂದು ಕರೆಯುವ ಅಮಾಲ್ಗಂನಲ್ಲಿ ತೂಕದ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಇದು ಹಲ್ಲಿಗೆ ಅಂಟುವುದಿಲ್ಲ. ಒಳಗೆ ಅಗಲವಾಗಿ ಕೊರೆದ ಗುಳಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, 1.5ರಿಂದ 2 ಮಿ.ಮೀ. ದಪ್ಪ ಬೇಕು. ತೇವದ ಜಾಗದಲ್ಲಿ ಕಾಂಪೋಸಿಟ್‌ಗಿಂತ ಹೆಚ್ಚು ಸಹಿಷ್ಣು. ಆದರೂ ಸತುವಿರುವ ಬಗೆಗೆ ತುಂಬುವಾಗ ಎಂಜಲು ಬೆರೆತರೆ ಒಳಗೆ ಹೈಡ್ರೋಜನ್ ಹುಟ್ಟಿ ಕೆಲವು ದಿನಗಳ ಮೇಲೆ ಉಬ್ಬುತ್ತದೆ. ಪಾದರಸದ ಕುರಿತ 2013ರ ಮಿನಮಾಟಾ ಒಪ್ಪಂದದ ನಂತರ ಇದರ ಬಳಕೆಯನ್ನು ಇಳಿಸುತ್ತ ಬರಲಾಗಿದೆ, ಮಕ್ಕಳಿಗೂ ಗರ್ಭಿಣಿಯರಿಗೂ ಬೇಡ. ಹಾಗೆಂದು ಗಟ್ಟಿಯಾಗಿ ಕೂತಿರುವ ಹಳೆಯ ಬೆಳ್ಳಿಯನ್ನು ಹೆದರಿ ಕೀಳಿಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಬರುವುದು, ಜೊತೆಗೆ ಚೆನ್ನಾಗಿರುವ ಹಲ್ಲೂ ಹೋಗುತ್ತದೆ.

ಗುಳಿ ದೊಡ್ಡದಾಗಿ ಗೋಡೆಗಳು ತೆಳುವಾಗಿದ್ದರೆ, ಅಥವಾ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಗಿದ್ದರೆ, ಸಾಮಾನ್ಯವಾಗಿ ತುಂಬಿಸಿದರಷ್ಟೇ ಸಾಲದು, ಕ್ಯಾಪ್ ಬೇಕು. ಇಲ್ಲಿ ಅಂಕಿಗಳು ಕಣ್ಣು ಕೋರೈಸುತ್ತವೆ. ಬಾಗಿದಾಗ ಮುರಿಯದೆ ತಾಳುವ ಬಲ ಸಾದಾ ಪಿಂಗಾಣಿಗೆ 100 ಮೆಗಾಪ್ಯಾಸ್ಕಲ್ (ಬಲದ ಅಳತೆ) ಆಸುಪಾಸು, ಗಾಜಿನಂಥ ಪಿಂಗಾಣಿಯಾದ ಲಿಥಿಯಂ ಡೈಸಿಲಿಕೇಟ್‌ಗೆ 400ರ ಸುಮಾರು, ಲೋಹವಿಲ್ಲದ ಬಿಳಿ ಪಿಂಗಾಣಿಯಾದ ಜಿರ್ಕೋನಿಯಾದ ಗಟ್ಟಿ ಬಗೆಗೆ ಸುಮಾರು 1000. ಮುಂದಿನ ಹಲ್ಲಿಗೆಂದು ಬರುವ, ಬೆಳಕು ಹಾಯುವ ಜಿರ್ಕೋನಿಯಾ ಇದಕ್ಕಿಂತ ಬಹಳ ಕಡಿಮೆ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಯಾವ ಬಗೆ ಎಂದು ಕೇಳಿಕೊಳ್ಳಬೇಕು.

ಜಿರ್ಕೋನಿಯಾ ಕ್ಯಾಪ್ ಮುರಿಯುವುದು ಅಪರೂಪ, ಕಳಚಿ ಬರುವುದು ಅಷ್ಟು ಅಪರೂಪವಲ್ಲ. ಅರೆದ ಹಲ್ಲಿನ ಮೊಟಕು ಗಿಡ್ಡಾಗಿ ತೀರಾ ಮೊನಚಾಗಿದ್ದರೆ ಕ್ಯಾಪ್‌ಗೆ ಹಿಡಿತವೇ ಇರುವುದಿಲ್ಲ. ದವಡೆ ಹಲ್ಲಿನಲ್ಲಿ 4 ಮಿ.ಮೀ. ಎತ್ತರವಾದರೂ ಬೇಕು. ಎರಡನೆಯ ಕಾರಣ ಕಣ್ಣಿಗೆ ಕಾಣುವುದಿಲ್ಲ. ಕ್ಯಾಪ್ ಸರಿಯಾಗಿ ಕೂರುತ್ತದೆಯೇ ಎಂದು ಬಾಯಲ್ಲಿಟ್ಟು ನೋಡುವಾಗ ಎಂಜಲಿನ ಫಾಸ್ಫೇಟ್ ಅದರ ಒಳಮೈಗೆ ಹಿಡಿಯುತ್ತದೆ. ನೀರಿನಲ್ಲಿ ತೊಳೆದರೆ ಹೋಗದು, ಫಾಸ್ಫಾರಿಕ್ ಆಮ್ಲ ಹಚ್ಚಿದರೆ ಇನ್ನಷ್ಟು ಫಾಸ್ಫೇಟ್ ಸೇರುತ್ತದೆ. ಒಳಮೈಗೆ ಅಲ್ಯೂಮಿನಾ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಊದಿ, ಜಿರ್ಕೋನಿಯಾವನ್ನು ಹಿಡಿಯುವ ಎಂಡಿಪಿ ಎಂಬ ರಾಸಾಯನಿಕವಿರುವ ಪ್ರೈಮರ್ (ಅಂಟಿಗೆ ಮುಂಚಿನ ಲೇಪ) ಹಚ್ಚಿ, ಆಮೇಲೆ ಅಂಟಿನ ಸಿಮೆಂಟ್ ಹಾಕಿದರೆ ಹಿಡಿತ ಬರುತ್ತದೆ.

ಯಾವ ಕ್ಯಾಪ್ ಆದರೂ ಅದರ ಅಂಚಿನ ಒಳಗೆ ಸುತ್ತಲೂ 1.5ರಿಂದ 2 ಮಿ.ಮೀ. ಎತ್ತರದ ಗಟ್ಟಿ ಹಲ್ಲು ಉಳಿದಿರಬೇಕು. ಇದನ್ನು ಫೆರೂಲ್ ಎನ್ನುತ್ತಾರೆ, ಗುದ್ದಲಿಯ ಹಿಡಿಯನ್ನು ಬಿಗಿಹಿಡಿಯುವ ಬಳೆಯಂತೆ ಅಂದುಕೊಳ್ಳಿ. ಅದಿಲ್ಲದ ಬೇರಿನ ಮೇಲೆ ಬಂಗಾರದ ಕ್ಯಾಪ್ ಹಾಕಿದರೂ ಭಾರವೆಲ್ಲ ಬೇರಿಗೇ ಇಳಿದು ಅದು ಸೀಳುತ್ತದೆ.

ಇನ್ನು ಭಾರದ ವಿಷಯ. ಹಾಸನದ ಮುದ್ದೆ ನುಂಗುವ ಊಟ, ಹಲ್ಲಿಗೆ ಕೆಲಸವೇ ಇಲ್ಲ. ಜೊತೆಗಿನ ಮೂಳೆ, ಒಣಕೊಬ್ಬರಿಯ ಗಿಟುಕು ಬೇರೆ ಮಾತು. ಕೊಪ್ಪ, ಶೃಂಗೇರಿ ಕಡೆ ಎಲೆಅಡಿಕೆ ಹಾಕುವವರ ದವಡೆ ಹಲ್ಲು ಎಷ್ಟೋ ಸಲ ಚಪ್ಪಟೆಯಾಗಿ ಸವೆದಿರುತ್ತದೆ. ಅಲ್ಲಿ ಎತ್ತರ ಕಡಿಮೆ, ಭಾರ ಜಾಸ್ತಿ. ಪಿಂಗಾಣಿ ಹೊದಿಸಿದ ಲೋಹದ ಕ್ಯಾಪ್ ಕೇಳುವ 1.5ರಿಂದ 2 ಮಿ.ಮೀ. ಜಾಗ ಸಿಗದೆ ಪಿಂಗಾಣಿ ಚಕ್ಕೆ ಏಳುತ್ತದೆ. ಇಂಥ ಬಾಯಿಗೆ ಪೂರ್ತಿ ಲೋಹದ್ದು, ಇಲ್ಲವೇ 1 ಮಿ.ಮೀ. ದಪ್ಪದಲ್ಲಿ ನಿಲ್ಲುವ ಗಟ್ಟಿ ಜಿರ್ಕೋನಿಯಾ ಸರಿ. ಲೋಹದ ಕ್ಯಾಪಿನಲ್ಲಿ ನಿಕ್ಕಲ್ ಇರಬಹುದಾದ್ದರಿಂದ ಅದು ಒಗ್ಗದವರು, ಅಂದರೆ ಅಗ್ಗದ ಓಲೆಗೆ ಕಿವಿ ಕೆರೆಯುವವರು, ಮೊದಲೇ ತಿಳಿಸಬೇಕು. ಅಡಿಕೆ ಬಾಯಿ ಕ್ಯಾನ್ಸರಿಗೂ ಕಾರಣವಾಗುವುದರಿಂದ ಅದನ್ನು ಬಿಡುವುದು ಕ್ಯಾಪ್‌ಗಿಂತ ದೊಡ್ಡ ಚಿಕಿತ್ಸೆ.

ಕಾಫಿ ಕುಡಿಯುವವರ ಕಾಂಪೋಸಿಟ್ ಕಂದಾಗುವುದಕ್ಕೆ ಕಾಫಿಯಷ್ಟೇ ಕಾರಣ ಒರಟಾಗಿ ಬಿಟ್ಟ ಮೇಲ್ಮೈ. ನುಣುಪು ಕೊಟ್ಟರೆ ಕಲೆ ತಡವಾಗಿ ಹಿಡಿಯುತ್ತದೆ. ಜಿರ್ಕೋನಿಯಾಕ್ಕಂತೂ ನುಣುಪು ಇನ್ನೂ ಮುಖ್ಯ. ಎತ್ತರ ಸರಿಪಡಿಸಲು ಅರೆದು ಹಾಗೆಯೇ ಬಿಟ್ಟರೆ ಆ ಒರಟು ಮೈ ಎದುರಿನ ಹಲ್ಲನ್ನು ಉಪ್ಪುಕಾಗದದಂತೆ ತಿನ್ನುತ್ತದೆ.

ಕೊನೆಗೆ ಕಚ್ಚಿಸಿ ನೋಡುವುದು. ಬಣ್ಣದ ಕಾಗದ ಕಚ್ಚಿಸಿ ಗುರುತು ಬಿದ್ದ ಎತ್ತರವನ್ನು ಇಳಿಸುತ್ತಾರೆ. ಆದರೆ ಇಂಜೆಕ್ಷನ್‌ನಿಂದ ಬಾಯಿ ಮರಗಟ್ಟಿರುವಾಗ ‘ಸರಿಯಿದೆ’ ಎಂದವರಿಗೇ ಮರುದಿನ ಊಟದಲ್ಲಿ ಆ ಹಲ್ಲು ಮೊದಲು ತಾಗುವುದು ಗೊತ್ತಾಗುತ್ತದೆ. ‘ಒಂದು ವಾರದಲ್ಲಿ ಹೊಂದಿಕೊಳ್ಳುತ್ತೆ’ ಎಂದು ಸುಮ್ಮನಿರಬೇಡಿ, ಮರುದಿನವೇ ಹೋಗಿ ಇಳಿಸಿಕೊಂಡು ಬನ್ನಿ.