ಫಿನಿಶ್ ಲೈನ್ ಬಿಡಿ, ಹದಿನಾರನೇ ಕಿಲೋಮೀಟರಿನಲ್ಲಿ ನಿಲ್ಲಿ

ಪ್ರಶ್ನೆ: ಹಾಸನದಲ್ಲೇ ನಡೆಯುವ 21 ಕಿ.ಮೀ. ಓಟಕ್ಕೆ ನಮ್ಮ ಇಬ್ಬರು ಗೆಳತಿಯರು ಹೆಸರು ಕೊಟ್ಟಿದ್ದಾರೆ. ಒಬ್ಬಳು ಚುರುಕು, ಇನ್ನೊಬ್ಬಳಿಗೆ ಇದೇ ಮೊದಲ ಓಟ. ಜಿಲ್ಲಾ ಕ್ರೀಡಾಂಗಣದಿಂದ ಎನ್.ಆರ್. ವೃತ್ತ, ಅಲ್ಲಿಂದ ಬಿ.ಎಂ. ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಅಂತ ನಕ್ಷೆಯಲ್ಲಿದೆ. ನಮ್ಮ ಹತ್ತಿರ ಇರುವುದು ಒಂದೇ ಸ್ಕೂಟರ್. ಇಬ್ಬರನ್ನೂ ಹುರಿದುಂಬಿಸಲು ಎಲ್ಲಿ ನಿಲ್ಲಬೇಕು?

ಉತ್ತರ: 5 ಕಿ.ಮೀ. ಬೋರ್ಡ್ ಹತ್ತಿರ ನಿಲ್ಲಿ. ಹೋಗಿ ಬರುವ ಮಾರ್ಗದಲ್ಲಿ ಅದೇ ಜಾಗ ವಾಪಸ್ ಬರುವಾಗ 16ನೇ ಕಿ.ಮೀ. ಆಗುತ್ತದೆ. ಹೀಗಾಗಿ ಸ್ಕೂಟರನ್ನು ಅಲುಗಾಡಿಸದೆ ಒಬ್ಬೊಬ್ಬರನ್ನೂ ಎರಡೆರಡು ಸಲ ನೋಡಬಹುದು. ಅದರಲ್ಲಿ ಎರಡನೇ ಸಲವೇ ಮುಖ್ಯ. ಆರಂಭದಲ್ಲಿ ಎಲ್ಲರಿಗೂ ಹುರುಪು ಇದ್ದೇ ಇರುತ್ತದೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಮೈಕ್ ಸದ್ದೇ ಎಳೆದುಕೊಂಡು ಹೋಗುತ್ತದೆ. ಜನ, ನೆರಳು, ಸದ್ದು ಮೂರೂ ಇಲ್ಲದೆ ಬಿಸಿಲು ಮಾತ್ರ ಏರುತ್ತಿರುವುದು 14ರಿಂದ 18ರ ನಡುವೆ. ಎನ್.ಆರ್. ವೃತ್ತದಲ್ಲಿ ನಿಲ್ಲಬೇಕೆಂದು ಎಲ್ಲರಿಗೂ ಅನ್ನಿಸುತ್ತದೆ, ಅದಕ್ಕೇ ಅಲ್ಲಿ ನೀವು ಬೇಕಾಗಿಲ್ಲ. 

ಈಗ ಲೆಕ್ಕ. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: ಅಭ್ಯಾಸದ ದೂರದ ಓಟದಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ? ‘ಎರಡು ಗಂಟೆಯೊಳಗೆ ಮುಗಿಸ್ತೀನಿ’ ಅನ್ನುವುದು ಆಸೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚುರುಕಿನವಳದು 5 ನಿಮಿಷ 40 ಸೆಕೆಂಡ್, ಹೊಸಬಳದು 8 ನಿಮಿಷ ಎಂದಿಟ್ಟುಕೊಳ್ಳಿ. ಓಟ ಬೆಳಿಗ್ಗೆ 6ಕ್ಕೆ ಹೊರಟರೆ ಮೊದಲನೆಯವಳು ನಿಮ್ಮ ಮುಂದೆ 6:28ಕ್ಕೆ ಹೋಗಿ 7:31ಕ್ಕೆ ವಾಪಸ್ ಬರುತ್ತಾಳೆ, 8ಕ್ಕೆ ಮುಗಿಸುತ್ತಾಳೆ. ಎರಡನೆಯವಳು ಹೋಗುವುದು 6:40ಕ್ಕೆ, ವಾಪಸ್ 8:09ಕ್ಕೆ, ಮುಗಿಸುವುದು 8:49ಕ್ಕೆ.

ಇಲ್ಲೇ ತೊಡಕು. ಮೊದಲನೆಯವಳ ಫಿನಿಶ್ ನೋಡಿ, 5 ಕಿ.ಮೀ. ಹಿಂದಕ್ಕೆ ಬಂದು ಎರಡನೆಯವಳನ್ನು ಹಿಡಿಯಲು ಸಿಗುವುದು 9 ನಿಮಿಷ. ರಸ್ತೆಯ ಒಂದು ಬದಿ ಮುಚ್ಚಿ, ಇನ್ನೊಂದು ಬದಿಯಲ್ಲಿ ಎರಡೂ ಕಡೆಯ ಬಸ್ಸು, ಲಾರಿ ಬಿಟ್ಟಿರುವಾಗ ಅದು ಆಗದ ಮಾತು. ಹಾಗಾಗಿ ಚುರುಕಿನವಳ ಫಿನಿಶ್ ಬಿಟ್ಟುಬಿಡಿ, ಮೊದಲೇ ಅವಳಿಗೆ ಹೇಳಿಬಿಡಿ. ಅವಳು ಹೇಗೂ ಮುಗಿಸುತ್ತಾಳೆ. ಹೊಸಬಳು 8:09ಕ್ಕೆ ದಾಟಿದ ಮೇಲೆ ಕ್ರೀಡಾಂಗಣ ತಲುಪಲು ನಿಮಗೆ 40 ನಿಮಿಷ ಇರುತ್ತದೆ. ಸ್ಕೂಟರನ್ನು ಓಟದ ಪಥದ ಬದಿ ನಿಲ್ಲಿಸಬೇಡಿ. ಅಡ್ಡರಸ್ತೆಯಲ್ಲಿ, ಊರ ಕಡೆಗೆ ಮುಖ ಮಾಡಿ ನಿಲ್ಲಿಸಿ.

ಈ ಸಮಯಗಳು ಗಡಿಯಾರದಂತೆ ನಡೆಯುವುದಿಲ್ಲ. ಗನ್ ಹಾರಿದ ಮೇಲೂ ಹಿಂದಿನ ಸಾಲಿನವರು ಸ್ಟಾರ್ಟ್ ಲೈನ್ ದಾಟಲು ನಮ್ಮೂರ ಓಟದಲ್ಲಿ ಒಂದೆರಡು ನಿಮಿಷ ಬೇಕು, ಬೆಂಗಳೂರಿನಂಥ ಕಡೆ ಹತ್ತಾದರೂ ಆದೀತು. ಮೊದಲ ಸಲ ಓಡುವವರು ಕೊನೆಯರ್ಧದಲ್ಲಿ ನಿಧಾನವಾಗುವುದು ಸಾಮಾನ್ಯ. ಲೆಕ್ಕಕ್ಕಿಂತ 10 ನಿಮಿಷ ಮೊದಲೇ ನಿಂತಿರಿ, 20 ನಿಮಿಷ ತಡವಾದರೂ ಜಾಗ ಬಿಡಬೇಡಿ. ಹಾಸನಾಂಬೆ ದರ್ಶನದ ಸಾಲಿನಲ್ಲಿ ನಿಂತು ಅಭ್ಯಾಸವಿರುವ ಊರಿಗೆ ಇದೇನು ಮಹಾ ಕಾಯುವಿಕೆಯಲ್ಲ. ಆಯೋಜಕರ ಆ್ಯಪಿನಲ್ಲಿ ಚಲಿಸುವ ಚುಕ್ಕೆಯನ್ನು ಪೂರ್ತಿ ನಂಬಬೇಡಿ. ಎದೆಯ ಮೇಲಿನ ಬಿಬ್ಬಿಗೆ (ಓಟಗಾರರ ಸಂಖ್ಯೆಯ ಚೀಟಿ) ಅಂಟಿಸಿದ ಎಲೆಕ್ಟ್ರಾನಿಕ್ ಚಿಪ್ ನೆಲದ ಮ್ಯಾಟ್ ದಾಟಿದಾಗ ಮಾತ್ರ ಸಮಯ ದಾಖಲಾಗುತ್ತದೆ. ಸಾಮಾನ್ಯವಾಗಿ ಮ್ಯಾಟ್ ಇರುವುದು ಆರಂಭ, ಯು-ಟರ್ನ್ ಮತ್ತು ಕೊನೆಯಲ್ಲಿ. ನಡುವಿನ ಚುಕ್ಕೆ ಹಳೆಯ ವೇಗದ ಮೇಲೆ ಹಾಕಿದ ಅಂದಾಜು. ಅವಳು ನೀರಿಗೆ ನಿಂತಿದ್ದರೂ ಚುಕ್ಕೆ ಓಡುತ್ತಲೇ ಇರುತ್ತದೆ.

ಎರಡು ಗಂಟೆ ಕಾದು, ಕೊನೆಗೆ ಗುರುತೇ ಸಿಗದೆ ಹೋಗುವುದು ಇನ್ನೊಂದು ಫಜೀತಿ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಂಚಿರುತ್ತಾರೆ, ಅರ್ಧಕ್ಕರ್ಧ ಜನ ಅದನ್ನೇ ಹಾಕಿಕೊಂಡು ಬರುತ್ತಾರೆ. ಟೋಪಿ, ಶೂ ಬಣ್ಣ ಮತ್ತು ಬಿಬ್ ಸಂಖ್ಯೆಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ. ಕಿಲೋಮೀಟರಿಗೆ 8 ನಿಮಿಷದ ಓಟವೆಂದರೆ ಸೆಕೆಂಡಿಗೆ ಸುಮಾರು 2 ಮೀಟರ್. 50 ಮೀಟರ್ ದೂರದಲ್ಲಿ ಕಂಡರೆ ನಿಮಗೆ 25 ಸೆಕೆಂಡ್ ಸಿಗುತ್ತದೆ. ಆದರೆ 16ನೇ ಕಿ.ಮೀ.ನಲ್ಲಿ ಅವಳ ಕಣ್ಣು ತನ್ನ ಮುಂದಿನ ನಾಲ್ಕು ಅಡಿ ಟಾರಿನ ಮೇಲಿರುತ್ತದೆ. ನೀವು ಅವಳನ್ನು ಹುಡುಕುವುದಕ್ಕಿಂತ ಅವಳು ನಿಮ್ಮನ್ನು ಹುಡುಕುವಂತೆ ಮಾಡಿ: ‘5 ಕಿ.ಮೀ. ಬೋರ್ಡ್, ನಿನ್ನ ಎಡಕ್ಕೆ, ಹಸಿರು ಕೊಡೆ’. ಎಡ ಎಂದರೆ ಓಡುವವಳ ಎಡ, ಎದುರು ನಿಂತ ನಿಮ್ಮದಲ್ಲ. ವಾಪಸ್ ಬರುವಾಗ ಅದೂ ತಿರುಗಿಬಿಡುತ್ತದೆ, ಆದ್ದರಿಂದ ಎರಡನ್ನೂ ಹೇಳಿಡಿ. ಕನ್ನಡ ಬಾವುಟ ಗುರುತಿಗೆ ಪ್ರಯೋಜನವಿಲ್ಲ. ಹತ್ತು ಜನರ ಕೈಯಲ್ಲಿ ಅದೇ ಇರುತ್ತದೆ.

ಬೋರ್ಡ್ ಬರೆಯುವುದಾದರೆ ಒಂದು ಪೂರ್ತಿ ಚಾರ್ಟ್ ಶೀಟಿಗೆ ಮೂರೇ ಪದ. ಅಕ್ಷರ 10 ಸೆಂ.ಮೀ. ಎತ್ತರ, ಗೆರೆ ಒಂದು ಬೆರಳು ದಪ್ಪ. ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುತ್ತದೆ ಎನ್ನುವುದನ್ನು ಮರೆತು ಬರೆದವರ ಬೋರ್ಡ್ ಹತ್ತು ಹೆಜ್ಜೆ ದೂರಕ್ಕೇ ಕಪ್ಪು ಮುದ್ದೆ. ‘ಲಕ್ಷ್ಮೀ’ ಎಂದು ಬರೆಯಬೇಕಾದರೆ ಆ ಕ್ಷ್ಮೀಗೆ ಎರಡು ಅಕ್ಷರದ ಜಾಗ ಬಿಡಿ, ಇಲ್ಲದಿದ್ದರೆ ‘ಲಚ್ಚಿ’ ಎಂದು ಬರೆಯಿರಿ, ಅವಳಿಗೂ ನಗು ಬರಲಿ. ಸ್ಕೆಚ್ ಪೆನ್ ಬೇಡ. ಚಳಿಗಾಲದ ಮಂಜಿಗೆ ಶಾಯಿ ಇಳಿದು ಹೋಗುತ್ತದೆ. ಪರ್ಮನೆಂಟ್ ಮಾರ್ಕರ್ ಇರಲಿ, ಹಿಂದೆ ರಟ್ಟು ಅಂಟಿಸಿ. ಲಾರಿ ಹೋದಾಗಿನ ಗಾಳಿಗೆ ಬರೀ ಹಾಳೆ ಮಡಚಿಕೊಳ್ಳುತ್ತದೆ.

ಸದ್ದಿಗೆ ಸ್ಟೀಲ್ ತಟ್ಟೆ, ಸೌಟು ಸಾಕು. ತಮಟೆ ಸಿಕ್ಕರೆ ಕೇಳಬೇಕೇ? ಪೀಪಿ, ಸೀಟಿ ಮಾತ್ರ ಬೇಡ. ಸಂಚಾರ ಪೊಲೀಸರೂ ವಾಲಂಟಿಯರುಗಳೂ ವಾಹನ ತಡೆಯಲು ಸೀಟಿಯನ್ನೇ ಬಳಸುತ್ತಾರೆ, ನಿಮ್ಮ ಸೀಟಿಗೆ ಓಟಗಾರರು ಬೆಚ್ಚಿ ಹಿಂದೆ ತಿರುಗಿ ನೋಡುತ್ತಾರೆ. ಅವಳು 20 ಮೀಟರ್ ದೂರ ಇರುವಾಗ ಮೊದಲು ಹೆಸರು ಕೂಗಿ, ತಲೆ ಎತ್ತಿದ ಮೇಲೆ ಮಾತು. ‘ಇನ್ನೇನು ಬಂದೇಬಿಡ್ತು!’ ಎನ್ನಬೇಡಿ. ಅವಳಿಗೆ ಇನ್ನೂ 5 ಕಿ.ಮೀ., 40 ನಿಮಿಷ ಉಳಿದಿದೆ, ಆ ಲೆಕ್ಕ ನಿಮಗಿಂತ ಅವಳಿಗೆ ಚೆನ್ನಾಗಿ ಗೊತ್ತು. ‘ಸುಸ್ತಾಗಿದ್ದೀಯಾ?’ ಅದಕ್ಕಿಂತ ಕೆಟ್ಟದ್ದು. ‘ಭುಜ ಸಡಿಲ ಬಿಡು’, ‘ಮುಂದಿನ ನೀರಿನ ಟೇಬಲ್ ತನಕ ಇದೇ ಲಯ’ ಎಂಬಂಥ, ತಕ್ಷಣ ಮಾಡಬಹುದಾದ ಒಂದು ಮಾತು ಕೆಲಸಕ್ಕೆ ಬರುತ್ತದೆ.

ಪಕ್ಕದಲ್ಲಿ ಓಡಲು ಇಳಿಯಬೇಡಿ. ಓಟದಲ್ಲಿ ಇಲ್ಲದವರು ಜೊತೆಗೆ ಓಡಿ ವೇಗ ಕಾಯ್ದುಕೊಳ್ಳಲು ನೆರವಾಗುವುದು ವಿಶ್ವ ಅಥ್ಲೆಟಿಕ್ಸ್ ನಿಯಮದಂತೆ ನಿಷಿದ್ಧ ಸಹಾಯ. ಊರಿನ ಓಟದಲ್ಲಿ ಯಾರೂ ಹಿಡಿಯದೆ ಇರಬಹುದು, ಆದರೆ ಹಿಂದಿನಿಂದ ಬರುವವರ ಕಾಲಿಗೆ ನಿಮ್ಮ ಕಾಲು ಸಿಕ್ಕುತ್ತದೆ. ಸೆಲ್ಫಿಗೆ ನಿಲ್ಲಿಸುವುದೂ ತಪ್ಪು. ಬಿಸಿಯಾದ ಕಾಲು ಒಮ್ಮೆ ನಿಂತರೆ ಮರಳಿ ಹೊರಡುವಾಗ ಮೀನಖಂಡ ಹಿಡಿದುಕೊಳ್ಳಬಹುದು. ತಿನ್ನಲು ಕೊಡುವುದು ಅವಳೇ ಕೇಳಿದ್ದರೆ, ಓಟದ ನಿಯಮ ಒಪ್ಪಿದರೆ ಮಾತ್ರ. ಅದೂ ಅವಳು ಅಭ್ಯಾಸದಲ್ಲಿ ತಿಂದಿದ್ದನ್ನೇ. ಪ್ರೀತಿಯಿಂದ ಕೊಟ್ಟ ಹೊಸ ತಿಂಡಿ ಎರಡು ಕಿ.ಮೀ. ಆದಮೇಲೆ ಹೊಟ್ಟೆ ಹಿಂಡುತ್ತದೆ. ಕಿತ್ತಳೆಯಾದರೆ ಸಿಪ್ಪೆ ಸುಲಿದು ತೊಳೆ ಬಿಡಿಸಿ, ನೀರಾದರೆ 200 ಮಿ.ಲೀ. ಬಾಟಲಿಯ ಮುಚ್ಚಳ ಸಡಿಲಿಸಿ, ಅಂಗೈ ಚಾಚಿ ಹಿಡಿಯಿರಿ. ಅವಳೇ ಎತ್ತಿಕೊಳ್ಳಲಿ.

ಯಾರಾದರೂ ಸರಿ, ಓಲಾಡುತ್ತ ಬಂದರೆ, ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಅಲ್ಲಿಗೆ ಚಪ್ಪಾಳೆ ನಿಲ್ಲಿಸಿ. ನೆರಳಿಗೆ ಕೂರಿಸಿ, ಕುತ್ತಿಗೆಗೂ ಕಂಕುಳಿಗೂ ತಣ್ಣೀರು ಹಾಕಿ, ಬಿಬ್ ಸಂಖ್ಯೆ ಸಮೇತ ವಾಲಂಟಿಯರಿಗೆ ತಿಳಿಸಿ. ಅವರು ಸಿಗದಿದ್ದರೆ 108. ಬೆವರುತ್ತಿದ್ದಾರೆ ಎಂದು ಸಮಾಧಾನಪಡಬೇಡಿ, ಓಡುವಾಗ ಬರುವ ಶಾಖಾಘಾತದಲ್ಲಿ ಬೆವರೂ ಇರಬಹುದು. ಒತ್ತಾಯದಿಂದ ನೀರು ಕುಡಿಸಬೇಡಿ. ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆಯೇ ಅಪಾಯ.

ಇನ್ನು ಫಿನಿಶ್. ಗೆರೆ ದಾಟಿದವಳು ಮೆಡಲ್, ನೀರು, ತಿಂಡಿ, ಬ್ಯಾಗ್ ಕೌಂಟರ್ ಎಂದು ಹೊರಬರಲು 15-20 ನಿಮಿಷ ಹಿಡಿಯುತ್ತದೆ, ಫೋನ್ ಆ ಬ್ಯಾಗಿನಲ್ಲೇ ಇರುತ್ತದೆ. ‘ಗೇಟ್ ಹತ್ತಿರ ಸಿಗೋಣ’ ಎಂದರೆ ಯಾವ ಗೇಟ್? ಸಾಲಗಾಮೆ ರಸ್ತೆಯಲ್ಲಿ ಒಂದು ಅಂಗಡಿಯನ್ನು ಹೆಸರು ಹಿಡಿದು ಗೊತ್ತು ಮಾಡಿಕೊಳ್ಳಿ, ಚುರುಕಿನವಳು 8ಕ್ಕೇ ಮುಗಿಸಿ ಅಲ್ಲೇ ಕಾದಿರಲಿ. ಒಣ ಬಟ್ಟೆ, ಹವಾಯಿ ಚಪ್ಪಲಿ, ಸ್ವೆಟರ್ ನಿಮ್ಮ ಚೀಲದಲ್ಲಿರಲಿ, ಜೊತೆಗೆ ಉಪ್ಪು ಸವರಿದ ನಾಲ್ಕು ಬೆಂದ ಆಲೂಗಡ್ಡೆ. ಹಾಸನದಲ್ಲಿ ಅದಕ್ಕೇನು ಬರ. ಹೊಸಬಳು ಬಂದ ಕೂಡಲೇ ಕಟ್ಟೆಯ ಮೇಲೆ ಕೂರಲು ನೋಡುತ್ತಾಳೆ. ಹತ್ತು ನಿಮಿಷ ನಡೆಸಿ, ಆಮೇಲೆ ಕೂರಿಸಿ, ಶೂ ಲೇಸು ನೀವೇ ಬಿಚ್ಚಿ. ಅವಳಿಗೆ ಆಗ ಬಗ್ಗಲು ಆಗುವುದಿಲ್ಲ.