ವೇದಿಕೆಗೆ ಲ್ಯಾಪ್‌ಟಾಪ್: ಹೊಸತೇ ಬೇಕಾ, ಹಳೆಯದು ಸಾಕಾ?

ದೀಪಾವಳಿ ಕಳೆದು ಕಾರ್ಯಕ್ರಮಗಳು ಶುರುವಾಗುವ ಹೊತ್ತಿಗೆ ಮಂಗಳೂರಿನ ನಮ್ಮ ರಿಪೇರಿ ಅಂಗಡಿಗೆ ಒಂದೇ ಪ್ರಶ್ನೆ ಹಿಡಿದುಕೊಂಡು ಜನ ಬರುತ್ತಾರೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು, ಮದುವೆಗೆ, ರೋಸ್‌ಗೆ (ಕೊಂಕಣಿ ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ) ಹಾಡು ಹಾಕುವ ಡಿಜೆಗಳು, ಚರ್ಚಿನ ಗಾಯನ ತಂಡದವರು, ಡ್ಯಾನ್ಸ್ ತಂಡ ಕಟ್ಟಿಕೊಂಡ ಕಾಲೇಜು ಹುಡುಗರು. "ಮೂವತ್ತೈದು ಸಾವಿರ ಉಂಟು ಅಣ್ಣ. ಹೊಸತು ತೆಗೆದುಕೊಳ್ಳುವುದಾ, ಸೆಕೆಂಡ್ ಹ್ಯಾಂಡ್ ಸಾಕಾ?"

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆ ದುಡ್ಡಿಗೆ, ಸಂಗೀತದ ಕೆಲಸಕ್ಕೆ, ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ ಕಂಪನಿಗಳು ಬಳಸಿ ಬಿಟ್ಟ ಗಟ್ಟಿ ಲ್ಯಾಪ್‌ಟಾಪ್ ವಾಸಿ. ಆದರೆ ಅದು ಯಾವ ಊರಿನಲ್ಲಿ ಬಳಕೆಯಾಗಿತ್ತು ಅಂತ ಕೇಳಲೇಬೇಕು. ನಮ್ಮ ಕರಾವಳಿಯಲ್ಲಿ ಅದು ದೊಡ್ಡ ವಿಷಯ.

ಅದಕ್ಕೂ ಮೊದಲು ನಿಮ್ಮ ಕೆಲಸ ಯಾವುದು? ಡ್ಯಾನ್ಸಿಗೆ ಟ್ರ್ಯಾಕ್ ಹಾಕುವುದು, ಭಜನೆಗೆ ಶ್ರುತಿ ಇಡುವುದು, ರೆಡಿ ಹಾಡು ಪ್ಲೇ ಮಾಡುವುದು ಇಷ್ಟೇ ಆದರೆ ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪೇ ಸಾಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ಅದಕ್ಕಿಂತ ಎಷ್ಟೋ ವೇಗದ ಚಿಪ್ ಡಿಸ್ಕ್, ಹಾಕಿಸಿ. ಎಂಪಿ3 ಫೈಲ್ ಓಡಿಸುವುದು ಕಂಪ್ಯೂಟರಿಗೆ ಏನೂ ಭಾರವಲ್ಲ. ಇದಕ್ಕಾಗಿ ಹೊಸತು ಕೊಂಡರೆ ಸುಮ್ನೆ ದುಡ್ಡು ದಂಡ. ಡಿಜೆ ಸಾಫ್ಟ್‌ವೇರ್ ಸ್ವಲ್ಪ ಜಾಸ್ತಿ ಶಕ್ತಿ ಕೇಳುತ್ತದೆ. ಅದರಲ್ಲೂ ಹಾಡು ಓಡುತ್ತಿರುವಾಗಲೇ ದನಿಯನ್ನೂ ವಾದ್ಯವನ್ನೂ ಬೇರೆ ಮಾಡುವ ಸೌಲಭ್ಯ ಬಳಸಿದರೆ ಫ್ಯಾನ್ ಕೂಗಲು ಶುರುವಾಗುತ್ತದೆ.

ಕೀಬೋರ್ಡಿನಿಂದ ಯುಎಸ್‌ಬಿ ವಯರ್ ಎಳೆದು, ಲ್ಯಾಪ್‌ಟಾಪ್ ಒಳಗಿರುವ ಪಿಯಾನೊ, ಸ್ಟ್ರಿಂಗ್ಸ್, ತಬಲಾ ನುಡಿಸುವವರ ಕಥೆ ಬೇರೆ. ನಿಜವಾದ ಪರೀಕ್ಷೆ ಇರುವುದು ಅಲ್ಲಿ.

ಕೀ ಒತ್ತಿದ ಮೇಲೆ ಕಂಪ್ಯೂಟರ್ ಧ್ವನಿಯನ್ನು ಚೂರು ಚೂರಾಗಿ ಲೆಕ್ಕ ಹಾಕಿ ಕಳಿಸುತ್ತದೆ. ಒಂದು ಸೆಕೆಂಡಿಗೆ 44,100 ಚೂರು. ಒಂದು ಸಲಕ್ಕೆ ಎಷ್ಟು ಚೂರು ಕಟ್ಟಿ ಕಳಿಸಬೇಕು ಅನ್ನುವುದೇ ಬಫರ್. ನಮ್ಮ ದೇವಸ್ಥಾನಗಳ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಬಡಿಸುವವರ ಕೈಯಲ್ಲಿರುವ ಸಾರಿನ ಬಕೆಟ್ ಖಾಲಿಯಾಗುವ ಮೊದಲು ಅಡುಗೆಮನೆಯಿಂದ ಇನ್ನೊಂದು ಬಕೆಟ್ ಬರಬೇಕು. ಬಕೆಟ್ ಸಣ್ಣದಾದರೆ ಬೇಗ ತುಂಬುತ್ತದೆ, ಆದರೆ ಓಡಾಟ ಜಾಸ್ತಿ. ಒಂದು ಸಲ ತಡವಾದರೂ ಪಂಕ್ತಿ ನಿಂತುಬಿಡುತ್ತದೆ. ಧ್ವನಿಯಲ್ಲಿ ಹಾಗೆ ನಿಂತಾಗ ಕೇಳುವುದೇ ಆ ಟಪ್ ಟಪ್, ಚರ್ ಚರ್ ಸದ್ದು.

ಬಫರ್ 1024 ಇಟ್ಟರೆ ಅದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. ಕೀ ಒತ್ತಿದ್ದು ಈಗ, ಕೇಳಿದ್ದು ಆಮೇಲೆ ಅನ್ನಿಸುತ್ತದೆ. ಹಾಡುವವರ ಜೊತೆ ತಾಳ ಹಿಡಿಯಲು ಆಗುವುದಿಲ್ಲ. 256ಕ್ಕೆ ಇಳಿಸಿದರೆ ಸುಮಾರು 6, 128ಕ್ಕೆ ಇಳಿಸಿದರೆ ಸುಮಾರು 3. ವೇದಿಕೆಯಲ್ಲಿ ನುಡಿಸುವವರಿಗೆ 128 ಅಥವಾ 256ರಲ್ಲಿ ಒಂದೇ ಒಂದು ಸದ್ದೂ ತಪ್ಪದೆ ಎರಡು ಮೂರು ಗಂಟೆ ಓಡುವ ಮೆಷಿನ್ ಬೇಕು. ಅದು ಹೊಸತಾ ಹಳೆಯದಾ ಅನ್ನುವುದು ಕೇಳುವವರ ಕಿವಿಗೆ ಗೊತ್ತಾಗುವುದಿಲ್ಲ.

"ಟಾಸ್ಕ್ ಮ್ಯಾನೇಜರ್‌ನಲ್ಲಿ ಬರೀ 30 ಪರ್ಸೆಂಟ್ ತೋರಿಸುತ್ತದೆ, ಆದರೂ ಸೌಂಡ್ ಒಡೆಯುತ್ತದೆ" ಅಂತ ತುಂಬಾ ಜನ ದೂರುತ್ತಾರೆ. ಅಲ್ಲಿ ಕಾಣುವುದು ಪ್ರೊಸೆಸರಿನ ಎಲ್ಲಾ ಕೋರ್‌ಗಳ, ಅಂದರೆ ಲೆಕ್ಕ ಹಾಕುವ ಘಟಕಗಳ, ಸರಾಸರಿ. ಒಂದು ವಾದ್ಯ ಮತ್ತು ಅದರ ಮೇಲಿನ ಎಫೆಕ್ಟ್‌ಗಳ ಲೆಕ್ಕ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ. ಆ ಒಂದು ಕೋರ್ ಸೋತರೆ ಉಳಿದವು ಸುಮ್ಮನೆ ಕೂತಿದ್ದರೂ ಪ್ರಯೋಜನವಿಲ್ಲ. ಅದಕ್ಕೇ ಕೋರ್ ಎಷ್ಟಿದೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು, ಬಿಸಿಯಾದ ಮೇಲೂ ಆ ಚುರುಕು ಉಳಿಯುತ್ತದಾ ಅನ್ನುವುದು ಮುಖ್ಯ. ಮೇ ತಿಂಗಳ ಸೆಕೆಯಲ್ಲಿ, ಶಾಮಿಯಾನದ ಅಡಿಯಲ್ಲಿ, ಲೈಟುಗಳ ಪಕ್ಕ ಇಟ್ಟ ಲ್ಯಾಪ್‌ಟಾಪ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಧ್ವನಿ ಒಡೆಯುವುದು ಆಗಲೇ.

ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳು ಇಲ್ಲೇ ಸೋಲುತ್ತವೆ. ಪ್ರೊಸೆಸರ್ ಹೊಸದಿರಬಹುದು, ಆದರೆ ತೆಳು ಪ್ಲಾಸ್ಟಿಕ್ ಮೈ, ಸಣ್ಣ ಫ್ಯಾನ್, ಬೋರ್ಡಿಗೇ ಬೆಸುಗೆ ಹಾಕಿದ 8 ಜಿಬಿ ರ್‍ಯಾಮ್. ಮುಂದೆ ಹೆಚ್ಚಿಸೋಣ ಅಂದರೆ ದಾರಿಯೇ ಇಲ್ಲದ ಮಾಡೆಲ್‌ಗಳೂ ಇವೆ. ಕಚೇರಿ ಬಳಕೆಗೆ ಅಂತ ಮಾಡಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಸಾಲಿನವು ಹೊಸದಿದ್ದಾಗ ಇದಕ್ಕಿಂತ ಎಷ್ಟೋ ದುಬಾರಿ. ಥಿಂಕ್‌ಪ್ಯಾಡ್ ಟಿ480 ತೆಗೆದುಕೊಳ್ಳಿ. 2018ರದ್ದು, ನಾಲ್ಕು ಕೋರ್‌ನ ಎಂಟನೇ ತಲೆಮಾರಿನ ಇಂಟೆಲ್, ರ್‍ಯಾಮ್‌ಗೆ ಎರಡು ಸ್ಲಾಟ್. 16 ಜಿಬಿ ರ್‍ಯಾಮ್, ಒಳ್ಳೆಯ ಎಸ್‌ಎಸ್‌ಡಿ ಹಾಕಿ, ಫ್ಯಾನ್ ಕ್ಲೀನ್ ಮಾಡಿ, ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಬದಲಾಯಿಸಿದರೆ ನಾಲ್ಕೈದು ಧ್ವನಿ ಇಟ್ಟುಕೊಂಡು ನುಡಿಸುವವರಿಗೆ ಧಾರಾಳ.

ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಹಾಕಲು ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದೇ ಬೇಕು. ಏಳನೆಯದನ್ನು ನಾಲ್ಕು ಸಾವಿರ ಕಡಿಮೆಗೆ ಕೊಡುತ್ತೇನೆ ಅಂದರೂ ಬಿಟ್ಟುಬಿಡಿ.

ಇನ್ನು ಊರಿನ ವಿಷಯ. ಘಟ್ಟದ ಮೇಲಿನ ಒಣ ಗಾಳಿಯಲ್ಲಿ, ಬೆಂಗಳೂರಿನ ಎಸಿ ಆಫೀಸಿನಲ್ಲಿ ನಾಲ್ಕು ವರ್ಷ ಕಳೆದ ಲ್ಯಾಪ್‌ಟಾಪ್ ಒಳಗೆ ಬರೀ ಧೂಳಿರುತ್ತದೆ. ಮಲ್ಪೆಯಲ್ಲೋ ಉಳ್ಳಾಲದಲ್ಲೋ ಕಡಲ ಹತ್ತಿರದ ಮನೆಯಲ್ಲಿ ಅಷ್ಟೇ ವರ್ಷ ಕಳೆದದ್ದನ್ನು ಬಿಚ್ಚಿದರೆ ಕಿಲುಬು ಕಾಣುತ್ತದೆ. ಗಾಳಿಯಲ್ಲಿ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ. ಎರಡೂ ಸೇರಿ ಮೊದಲು ತಿನ್ನುವುದು ಯುಎಸ್‌ಬಿ ಪೋರ್ಟ್, ಹೆಡ್‌ಫೋನ್ ಜ್ಯಾಕ್, ಫ್ಯಾನ್ ಬೇರಿಂಗ್, ರ್‍ಯಾಮ್ ಸ್ಲಾಟ್. ಆಫೀಸ್ ಕೆಲಸಕ್ಕೆ ಇದು ತಕ್ಷಣ ಗೊತ್ತಾಗುವುದಿಲ್ಲ. ಸಂಗೀತಕ್ಕೆ ಬೇಕಾದದ್ದೇ ಈ ಪೋರ್ಟುಗಳು, ಅಲ್ವಾ? ಹಾಡಿನ ಮಧ್ಯೆ ಯುಎಸ್‌ಬಿ ಅರೆ ಕ್ಷಣ ಕಡಿದು ಮತ್ತೆ ಕೂಡಿದರೂ ಸಾಕು, ಕೀಬೋರ್ಡ್ ಮೂಕವಾಗುತ್ತದೆ.

ಆದ್ದರಿಂದ ಹಿಂಬದಿಯ ಸ್ಕ್ರೂಗಳನ್ನು ನೋಡಿ. ತಲೆಯಲ್ಲಿ ತುಕ್ಕಿದ್ದರೆ ಒಳಗೂ ಇದೆ ಅಂತಲೇ ಎಣಿಸಿ. ಟಾರ್ಚ್ ಹಾಕಿ ಪೋರ್ಟುಗಳ ಒಳಗೆ ಬಿಳಿ ಅಥವಾ ಹಸಿರು ಪುಡಿ ಕೂತಿದೆಯಾ ನೋಡಿ. ಹೆಡ್‌ಫೋನ್ ಚುಚ್ಚಿ ಪಿನ್ನನ್ನು ಮೆಲ್ಲ ತಿರುಗಿಸಿ. ಕರ್ ಕರ್ ಅಂದರೆ ಬೇಡ.

ಕೊಳ್ಳಲು ಹೋಗುವಾಗ ನಿಮ್ಮ ಕೀಬೋರ್ಡ್, ಸೌಂಡ್ ಕಾರ್ಡ್, ಹೆಡ್‌ಫೋನ್ ಹಿಡಿದುಕೊಂಡೇ ಹೋಗಿ. ಅರ್ಧ ಗಂಟೆ ಅಲ್ಲೇ ನುಡಿಸಿ. ಹಾಗೆ ನುಡಿಸಲು ಬಿಡುವ ಅಂಗಡಿಯವರ ಹತ್ತಿರ ಮಾತ್ರ ವ್ಯಾಪಾರ ಮಾಡಿ. ಲೇಟೆನ್ಸಿಮಾನ್ ಅಂತ ಒಂದು ಚಿಕ್ಕ ಸಾಫ್ಟ್‌ವೇರ್ ಇದೆ, ಮನೆ ಬಳಕೆಗೆ ಉಚಿತ. ಯಾವ ಡ್ರೈವರ್ (ವೈಫೈಯಂಥ ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಂ) ಧ್ವನಿಯ ದಾರಿಗೆ ಅಡ್ಡ ನಿಲ್ಲುತ್ತದೆ ಅಂತ ಅದು ತೋರಿಸುತ್ತದೆ. ಕೆಂಪು ಗೆರೆ ಬಂದ ಕೂಡಲೇ ಹೆದರಬೇಡಿ. ಎಷ್ಟೋ ಸಲ ವೈಫೈ ಡ್ರೈವರ್ ಕಾರಣ, ವೈಫೈ ಆಫ್ ಮಾಡಿದರೆ ಸರಿಯಾಗುತ್ತದೆ. ವೇದಿಕೆಯಲ್ಲಿ ವೈಫೈ ಹೇಗೂ ಬೇಡ. ವೈಫೈ, ಬ್ಲೂಟೂತ್ ಎರಡೂ ಆಫ್ ಆಗಿ, ಚಾರ್ಜರ್ ಹಾಕಿದಾಗಲೂ ತೆಗೆದಾಗಲೂ ಕೆಂಪೇ ಬರುತ್ತಿದ್ದರೆ ಮಾತ್ರ ಬೇರೆ ಮೆಷಿನ್ ನೋಡಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗಿನ ಶಕ್ತಿಗೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಅಂತ ಓದಿ. ಹಾಲ್‌ನಲ್ಲಿ ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗೆ ಲ್ಯಾಪ್‌ಟಾಪ್ ಜೀವಂತ ಇರಬೇಕು. ಇಲ್ಲದಿದ್ದರೆ ಎಲ್ಲಾ ಧ್ವನಿಗಳನ್ನೂ ಮತ್ತೆ ಲೋಡ್ ಮಾಡುತ್ತಾ ಜನರ ಮುಂದೆ ಕೂರಬೇಕಾಗುತ್ತದೆ.

ವಿಂಡೋಸ್‌ಗೂ ಮೊದಲು ಓಡುವ ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ, ಯಾವುದೋ ಕಂಪನಿಯ ಹೆಸರಿನಲ್ಲಿ ಲಾಗಿನ್ ಕೇಳಿದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಹಳೆಯ ಮ್ಯಾಕ್‌ಬುಕ್ ಆದರೆ ಮೊದಲ ಯಜಮಾನರ ಆ್ಯಪಲ್ ಖಾತೆ ತೆಗೆದಿದೆಯಾ ಅಂತ ನಿಮ್ಮ ಕಣ್ಣೆದುರಲ್ಲೇ ರೀಸೆಟ್ ಮಾಡಿಸಿ ನೋಡಿ. ಮ್ಯಾಕ್‌ನಲ್ಲಿ ನಾನು ಒಪ್ಪುವುದು 2020ರ ಕೊನೆಗೆ ಬಂದ, ಆ್ಯಪಲ್‌ನದೇ ಚಿಪ್ ಇರುವ ಎಂ1 ಮತ್ತು ಅದರ ನಂತರದ್ದು. ಎಂ1 ಏರ್‌ಗೆ ಫ್ಯಾನೇ ಇಲ್ಲ, ರೆಕಾರ್ಡಿಂಗ್ ಮಾಡುವವರಿಗೆ ಆ ಮೌನ ದೊಡ್ಡ ವರ. ಆದರೆ ರ್‍ಯಾಮ್ ಹೆಚ್ಚಿಸಲು ಆಗುವುದಿಲ್ಲ, 8 ಕೊಂಡರೆ ಕೊನೆಯವರೆಗೂ 8. ಇಂಟೆಲ್ ಮ್ಯಾಕ್ ಬೇಡ. ಮ್ಯಾಕ್ ಓಎಸ್ 26ರ ನಂತರದ ಆವೃತ್ತಿಗಳು ಅದಕ್ಕೆ ಬರುವುದಿಲ್ಲ ಅಂತ ಆ್ಯಪಲ್ 2025ರಲ್ಲೇ ಹೇಳಿದೆ.

ಹೊಸತೇ ಬೇಕು ಅಂತ ನಾನೇ ಒತ್ತಾಯಿಸುವುದೂ ಇದೆ. ನುಡಿಸುವುದೇ ನಿಮ್ಮ ಅನ್ನ ಆಗಿದ್ದರೆ, ಹತ್ತಾರು ಜಿಬಿ ತೂಗುವ ದೊಡ್ಡ ವಾದ್ಯ ಲೈಬ್ರರಿಗಳನ್ನು ಒಟ್ಟಿಗೆ ಬಳಸುತ್ತಿದ್ದರೆ, ಸ್ವಲ್ಪ ಕಾದು ದುಡ್ಡು ಕೂಡಿಸಿ. 16 ಜಿಬಿ ರ್‍ಯಾಮ್, ಗಟ್ಟಿ ಫ್ಯಾನ್, ಮೂರು ವರ್ಷದ ವಾರಂಟಿ ಇರುವ ಹೊಸತನ್ನೇ ಕೊಳ್ಳಿ. ಬೋರ್ಡ್ ಹೋದರೆ ಹಳೆಯದರಲ್ಲಿ ನಷ್ಟ ಪೂರ್ತಿ ನಿಮ್ಮದು. ನನಗೆ ಬೇಡ ಅನ್ನಿಸುವುದು ಈ ಎರಡರ ನಡುವಿನ ಅಗ್ಗದ ಹೊಸತು ಮಾತ್ರ.

ಹಳೆಯದು ಕೊಂಡು ಉಳಿದ ದುಡ್ಡಿಗೆ ಎರಡು ಖರ್ಚು ಇಟ್ಟುಕೊಳ್ಳಿ. ಒಂದು, ತನ್ನದೇ ಎಎಸ್‌ಐಒ ಡ್ರೈವರ್ (ವಿಂಡೋಸ್‌ನಲ್ಲಿ ಧ್ವನಿಯನ್ನು ತಡವಿಲ್ಲದೆ ದಾಟಿಸುವಂಥದ್ದು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್. ಸಣ್ಣ ಬಫರ್ ನೆಚ್ಚಿಕೊಳ್ಳಲು ಅದೇ ಬೇಕು. ಇನ್ನೊಂದು, ಅಸಲಿ ಚಾರ್ಜರ್. ಸೆಕೆಂಡ್ ಹ್ಯಾಂಡ್ ಜೊತೆ ಬರುವ ನಕಲಿ ಚಾರ್ಜರ್‌ನಿಂದ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಬರುವುದುಂಟು. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ತೊಂದರೆ ಕರೆಂಟಿನ ದಾರಿಯಲ್ಲಿದೆ ಅಂತ ಅರ್ಥ. ಆಗ ಕೆಲವರು ಪ್ಲಗ್ಗಿನ ಮೂರನೇ ಪಿನ್ ಮುರಿದು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಅರ್ಥಿಂಗ್ ಇರುವುದು ನಿಮ್ಮ ಜೀವ ಕಾಯಲು, ಅದರಲ್ಲೂ ಮಳೆಗೆ ನೆನೆದ ವೇದಿಕೆಯಲ್ಲಿ. ಧ್ವನಿಯ ವಯರಿನ ಗ್ರೌಂಡ್ ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ (ವಾದ್ಯದ ಧ್ವನಿಯನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಚಿಕ್ಕ ಪೆಟ್ಟಿಗೆ) ಒಂದನ್ನು ಸೌಂಡ್ ಕಾರ್ಡ್ ಮತ್ತು ಮಿಕ್ಸರ್ ನಡುವೆ ಹಾಕಿ. ಹೆಚ್ಚಿನ ಸಲ ಆ ಗುಂಯ್ ಅಲ್ಲೇ ನಿಲ್ಲುತ್ತದೆ.